ಹುಲ್ಲಿಗೆ ಪ್ರದಕ್ಷಿಣೆ

ಹುಲ್ಲಿಗೆ ತೆಲುಗಿನಲ್ಲಿ ಗಡ್ಡಿ ಅನ್ನುತ್ತಾರೆ. ಕನ್ನಡದ ಗಡ್ಡಕ್ಕೂ ತೆಲುಗಿನ ಗಡ್ಡಿಗೂ ನಡುವೆ ಇರುವುದು ಒಂದೇ ಒಂದು ಗುಡಿಸು. ಹಿಂದೂಪುರದ ಸುತ್ತಮುತ್ತ ಎರಡು ಭಾಷೆಯನ್ನೂ ಒಂದೇ ಬಾಯಲ್ಲಿ ಅಗಿಯುವ ನಮ್ಮಂಥವರ ನಾಲಿಗೆಯ ಮೇಲೆ ಆ ಗುಡಿಸು ಎಷ್ಟು ಹೊತ್ತು ನಿಂತೀತು? ಹುಲ್ಲು ಕೊಯ್ಯುವ ಮಿಷನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ನಾನು ಮೊದಲ ಸಲ ಊರೊಳಗೆ ಬಂದ ದಿನ ಟೀ ಅಂಗಡಿಯ ಬೆಂಚಿನಿಂದ ಕೇಳಿಬಂದ ಪ್ರಶ್ನೆ ಇದು: "ಏನ್ ಸಾರ್, ಹೊಲಕ್ಕೆ ಗಡ್ಡ ಬೋಳಿಸ್ತೀರಂತೆ?" ಅವತ್ತಿನಿಂದ ಅದರ ಹೆಸರು ಗಡ್ಡದ ಮಿಷನ್.

ಹೇಳಿದವನಿಗೆ ಗೊತ್ತಿತ್ತೋ ಇಲ್ಲವೋ, ಹೋಲಿಕೆ ಮಾತ್ರ ಕರಾರುವಾಕ್ಕು. ಚಿಕ್ಕಂದಿನಲ್ಲಿ ಅರಳಿಕಟ್ಟೆಯ ಮೇಲೆ ಕುಕ್ಕರಿಸಿ, ತಲೆ ಬಗ್ಗಿಸಿ, ಕತ್ತಿನ ಹಿಂದೆ ಓಡಿಸುತ್ತಿದ್ದರಲ್ಲ, ಆ ಕೈ ಮಿಷನ್ ನೆನಪು ಮಾಡಿಕೊಳ್ಳಿ. ಒಂದರ ಮೇಲೊಂದು ಎರಡು ಬಾಚಣಿಗೆ. ಕೆಳಗಿನದು ಅಲ್ಲಾಡುವುದಿಲ್ಲ, ಮೇಲಿನದು ಅತ್ತಿಂದಿತ್ತ ಓಡುತ್ತದೆ, ನಡುವೆ ಸಿಕ್ಕ ಕೂದಲು ತುಂಡಾಗುತ್ತದೆ. ಅದನ್ನೇ ಐದು ಅಡಿ ಉದ್ದಕ್ಕೆ ಎಳೆದು ಟ್ರ್ಯಾಕ್ಟರಿನ ಬಲಪಕ್ಕಕ್ಕೆ ನೆಲದ ಮೇಲೆ ಮಲಗಿಸಿದರೆ ನನ್ನ ಮಿಷನ್ ಆಯಿತು. ಕೈ ಮಿಷನ್ ಮೊಂಡಾಗಿದ್ದರೆ ಕೂದಲು ಬುಡಸಹಿತ ಕಿತ್ತು ಬಂದು ಕಣ್ಣಲ್ಲಿ ನೀರು ತುಂಬುತ್ತಿತ್ತು. ಇದೂ ಅಷ್ಟೆ. ಹರಿತವಿಲ್ಲದಿದ್ದರೆ ಹುಲ್ಲನ್ನು ಕೊಯ್ಯುವುದಿಲ್ಲ, ಹಲ್ಲಿಲ್ಲದ ಮುದುಕ ಕಬ್ಬು ಜಗಿದಂತೆ ಜಗಿಯುತ್ತದೆ.

ಕೊಯ್ಯುವುದಕ್ಕೆ ನನಗಿರುವುದು ಮೂರು ಎಕರೆ. ನಮ್ಮಪ್ಪ ಇರುವವರೆಗೂ ಅದರಲ್ಲಿ ಕಡಲೆಕಾಯಿ ಇಡುತ್ತಿದ್ದರು. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ ಎಂದು ಲೆಕ್ಕ ಹೇಳುವ ಸೀಮೆ ಇದು. ಆದರೆ ಸರಾಸರಿ ಅನ್ನುವುದು ಕಾಗದದ ಮೇಲೆ ಬೀಳುವ ಮಳೆ. ಬೇಕಾದಾಗ ಬಾರದೆ, ಗಿಡ ಕಿತ್ತು ಒಣಗಲು ಹಾಕಿದ ಮೇಲೆ ಬಂದು, ಕಾಯಿ ಅಲ್ಲೇ ಮೊಳೆಯುವಂತೆ ಮಾಡುವ ಮಳೆಯೂ ಅದರಲ್ಲಿ ಸೇರಿರುತ್ತದೆ. ಅಪ್ಪ ಹೋದ ಮೇಲೆ ಹೊಲ ಬೀಳು ಬಿತ್ತು. ಬೀಳು ಬಿದ್ದ ಎರಡನೇ ವರ್ಷಕ್ಕೆ ಹುಲ್ಲು ತಾನಾಗಿ ಎದ್ದಿತು. ಬಿತ್ತನೆ ಬೀಜ ಬೇಡ, ಗೊಬ್ಬರ ಬೇಡ, ಸೊಸೈಟಿಯಲ್ಲಿ ಸಾಲ ಬೇಡ. ಅಜ್ಜನ ಕಾಲದಿಂದ ಬೇಸಾಯ ಮಾಡಿದ ಮನೆತನಕ್ಕೆ ಕೊನೆಗೂ ಕೈಕೊಡದ ಬೆಳೆ ಸಿಕ್ಕಿದ್ದು ಹೀಗೆ.

ಟ್ರ್ಯಾಕ್ಟರೂ ಅಪ್ಪನದೇ. ಕೆಂಪು ಬಣ್ಣದ ಬಿ-275, 35 ಹಾರ್ಸ್‌ಪವರ್. ಬೇರೆಯವರ ಹೊಲದಲ್ಲಿ ಅರ್ಧ ಆಯುಷ್ಯ ಸವೆಸಿ ನಮ್ಮ ಮನೆಗೆ ಬಂದದ್ದು. ಇಂಗ್ಲೆಂಡ್ ಅಮೆರಿಕದಲ್ಲಿ ಇಂಥವನ್ನು ವಿಂಟೇಜ್ ಎಂದು ಕರೆದು, ಪಾಲಿಶ್ ಹಾಕಿ, ಭಾನುವಾರ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಜಾತ್ರೆ ಮಾಡುತ್ತಾರೆ. ನಮ್ಮಲ್ಲಿ ಟ್ರ್ಯಾಕ್ಟರಿಗೆ ನಿವೃತ್ತಿ ಎಂಬುದೇ ಇಲ್ಲವಾದ್ದರಿಂದ ವಿಂಟೇಜ್ ಎಂಬುದೂ ಇಲ್ಲ. ಉಳುಮೆಗೆ ಆಗದಿದ್ದರೆ ನೀರಿನ ಟ್ಯಾಂಕರ್ ಎಳೆಯುತ್ತದೆ, ಅದಕ್ಕೂ ಆಗದಿದ್ದರೆ ಇಟ್ಟಿಗೆ ಗೂಡಿಗೆ ಹೋಗುತ್ತದೆ, ಅಲ್ಲಿಯೂ ನಿಂತರೆ ಗುಜರಿಗೆ. ನಮ್ಮ ಕಡೆ ಹಳೇ ಟ್ರ್ಯಾಕ್ಟರ್ ಅಂದರೆ ಸಾಲ ತೀರಿದ ಟ್ರ್ಯಾಕ್ಟರ್ ಎಂದರ್ಥ. ಅಷ್ಟೇ ಗೌರವ, ಅದೇ ದೊಡ್ಡ ಗೌರವ.

ಮಿಷನ್ ಸಿಕ್ಕಿದ್ದು ಕಲ್ಯಾಣದುರ್ಗದಲ್ಲಿ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಒಂದು ದಿನ ಫೋನು ಮಾಡಿ, "ಏನಪ್ಪಾ, ನೀನು ಕೇಳ್ತಿದ್ದೆಯಲ್ಲ ಹುಲ್ಲು ಕೊಯ್ಯೋದು, ಅಂಥದ್ದೇನೋ ಗುಜರೀಲಿ ಬಿದ್ದೈತೆ. ನೋಡಾಕೆ ಸತ್ತ ಮೊಸಳೆ ಇದ್ದಂಗೈತೆ" ಎಂದರು. ಹೋಗಿ ನೋಡಿದೆ. ಮಾವನ ಉಪಮೆಯೂ ಕರಾರುವಾಕ್ಕೇ. ಮುರಿದ ಮೋಟಾರು ಪಂಪು, ಬೋರ್‌ವೆಲ್ ಪೈಪು, ಎತ್ತಿನಗಾಡಿಯ ಕಬ್ಬಿಣದ ಪಟ್ಟಿಗಳ ನಡುವೆ ಉದ್ದ ಮೂತಿ ಚಾಚಿಕೊಂಡು ಮಲಗಿತ್ತು. ಮೂತಿಯ ಉದ್ದಕ್ಕೂ ಹಲ್ಲು. ಹೆಸರಿನ ಫಲಕ ತುಕ್ಕು ತಿಂದು ಓದಲು ಬರುತ್ತಿರಲಿಲ್ಲ. ಯಾವುದೋ ಫಾರ್ಮಿನ ಹರಾಜಿನಲ್ಲಿ ಬಂದದ್ದು ಎಂದಷ್ಟೇ ಅಂಗಡಿಯವನಿಗೆ ಗೊತ್ತು. ಅವನು ತೂಕದ ಲೆಕ್ಕದಲ್ಲಿ ಕೊಟ್ಟ. ಕಬ್ಬಿಣವನ್ನು ಕಬ್ಬಿಣದ ದರಕ್ಕೇ ಕೊಂಡೆ. ಒಳಗಿನ ಬುದ್ಧಿ ಬಿಟ್ಟಿ ಬಂತು.

ಅದನ್ನು ಟ್ರೈಲರಿನಲ್ಲಿ ಹೇರಿಕೊಂಡು ಊರಿಗೆ ತಂದದ್ದೇ ಒಂದು ದಿನದ ಪ್ರಯಾಣ. ಕಲ್ಯಾಣದುರ್ಗ ಬಿಟ್ಟು ಕಂಬದೂರು ದಾಟಿದರೆ ಕರ್ನಾಟಕದ ಪಾವಗಡ; ಪಾವಗಡ ಬಿಟ್ಟು ಮಡಕಶಿರಾಕ್ಕೆ ಹೊರಟರೆ ಮತ್ತೆ ಆಂಧ್ರ. ಪಾವಗಡ ತಾಲ್ಲೂಕು ಆಂಧ್ರದ ಹೊಟ್ಟೆಯೊಳಗೆ ನುಗ್ಗಿ ಕೂತಿದೆ, ಮಡಕಶಿರಾ ಕರ್ನಾಟಕದ ಪಕ್ಕೆಗೆ ಮೊಣಕೈ ಊರಿದೆ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಆದ ಮೇಲೆ ಹಿಂದೂಪುರ ಮಡಕಶಿರಾಗಳು ಅದಕ್ಕೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗಾಗಿ ನನ್ನ ಸತ್ತ ಮೊಸಳೆ ಒಂದೇ ದಿನ ಎರಡು ರಾಜ್ಯ, ಮೂರು ಜಿಲ್ಲೆ ನೋಡಿತು. ದಾರಿಯಲ್ಲಿ ಟೀಗೆ ನಿಲ್ಲಿಸಿದಲ್ಲೆಲ್ಲ ಜನ ಬಂದು ಸುತ್ತಲೂ ನಿಂತು, ಒಂದು ಕಡೆ ತೆಲುಗಿನಲ್ಲಿ, ಒಂದು ಕಡೆ ಕನ್ನಡದಲ್ಲಿ ಅದೇ ಪ್ರಶ್ನೆ ಕೇಳಿದರು: ಇದರಿಂದ ಕಡಲೆಕಾಯಿ ಕೀಳಬಹುದಾ? ಕೀಳಲಾಗದು ಎಂದೊಡನೆ ಎರಡು ಭಾಷೆಯವರೂ ಒಂದೇ ಥರ ಮುಖ ತಿರುಗಿಸಿದರು.

ಆ ಮೇಲೆ ಮಿಷನ್ನಿನ ಪೂರ್ವೋತ್ತರ ಹುಡುಕುತ್ತ ಹೋದಾಗ ನನ್ನ ಮನೆಯ ಎರಡು ಹಳೇ ಕಬ್ಬಿಣಗಳ ನಡುವೆ ಒಂದು ನೆಂಟಸ್ತನ ಹೊರಬಿತ್ತು. ಅಮೆರಿಕದ ವರ್ಜೀನಿಯಾದಲ್ಲಿ ಸೈರಸ್ ಮೆಕಾರ್ಮಿಕ್ ಎಂಬಾತ 1831ರಲ್ಲಿ ಕುದುರೆ ಎಳೆಯುವ ಗೋಧಿ ಕೊಯ್ಲಿನ ಯಂತ್ರ ಓಡಿಸಿ ತೋರಿಸಿದ. ಓಬೆಡ್ ಹಸ್ಸಿ ಎಂಬ ಇನ್ನೊಬ್ಬ ತನ್ನದಕ್ಕೆ 1833ರಲ್ಲೇ ಪೇಟೆಂಟ್ ಮಾಡಿಸಿಕೊಂಡ, ಮೆಕಾರ್ಮಿಕ್ 1834ರಲ್ಲಿ. ಮುಂದೆ ಇಬ್ಬರೂ ಕೋರ್ಟು ಕಚೇರಿ, ಜಂಗಿ ಪಂದ್ಯ ಎಂದು ಹಣಾಹಣಿ ನಡೆಸಿದರು. ಸೀಳಿದ ಕಬ್ಬಿಣದ ಬೆರಳುಗಳ ನಡುವೆ ತ್ರಿಕೋನದ ಹಲ್ಲು ಓಡಾಡುವ ಉಪಾಯ ಹಸ್ಸಿಯದು. ಇವತ್ತಿನ ಕಂಬೈನ್ ಹಾರ್ವೆಸ್ಟರಿನ ಬಾಯಲ್ಲೂ ಇರುವುದು ಅದೇ. ದುಡ್ಡು ಮಾಡಿದ್ದು ಮಾತ್ರ ಮೆಕಾರ್ಮಿಕ್ ಮನೆತನ. ಅವರ ಕಂಪನಿ ಬೇರೆ ಕೆಲವರೊಂದಿಗೆ ಸೇರಿ 1902ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯಿತು. ಆ ಇಂಟರ್‌ನ್ಯಾಷನಲ್ ಹಾರ್ವೆಸ್ಟರೇ 1963ರಲ್ಲಿ ಮಹೀಂದ್ರ ಮತ್ತು ವೋಲ್ಟಾಸ್ ಜೊತೆಗೂಡಿ ಭಾರತದಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿತು. ಅದರ ಮೊದಲ ಟ್ರ್ಯಾಕ್ಟರು ಬಿ-275. ಅಂದರೆ ಎಳೆಯುವ ಟ್ರ್ಯಾಕ್ಟರು ಮೆಕಾರ್ಮಿಕ್ ಕಡೆಯದು, ಹಿಂದೆ ಕಟ್ಟಿದ ಹಲ್ಲು ಹಸ್ಸಿ ಕಡೆಯದು. ನೂರೆಂಬತ್ತು ವರ್ಷ ಹಿಂದೆ ಜಗಳಾಡಿದ ಇಬ್ಬರನ್ನು ಹಿಂದೂಪುರದ ಒಂದು ಬೀಳು ಹೊಲದಲ್ಲಿ ಒಂದೇ ನೊಗಕ್ಕೆ ಕಟ್ಟಿದ ಪುಣ್ಯ ನನ್ನದು.

ಕಟ್ಟುವುದೇನೂ ಸುಲಭವಾಗಿರಲಿಲ್ಲ. ಹಿಂದೂಪುರದ ನಮ್ಮ ಮೇಸ್ತ್ರಿ ಉರ್ದುವಿನಲ್ಲಿ ಬೈದು, ತೆಲುಗಿನಲ್ಲಿ ಯೋಚಿಸಿ, ಕನ್ನಡದಲ್ಲಿ ಬಿಲ್ಲು ಹೇಳುವವರು. ಎರಡು ದಿನ ಸೀಮೆಎಣ್ಣೆಯಲ್ಲಿ ತೊಳೆದು, ಮೂರನೇ ದಿನ ಬ್ಲೇಡನ್ನು ಹೊರಗೆಳೆದರು. ಒಂದು ಉದ್ದದ ಪಟ್ಟಿ, ಅದರ ಮೇಲೆ ಸಾಲಾಗಿ ಇಪ್ಪತ್ತು ತ್ರಿಕೋನದ ಹಲ್ಲು, ಒಂದೊಂದಕ್ಕೂ ಎರಡೆರಡು ರಿವೆಟ್. ಹಲ್ಲಿನ ಬುಡ ಮೂರು ಇಂಚು. ಕೆಳಗಿನ ಬಾಚಣಿಗೆಯ ಎರಡು ಬೆರಳುಗಳ ನಡುವಣ ದೂರವೂ ಮೂರು ಇಂಚು. ಬ್ಲೇಡು ಒಂದು ಸಲ ಓಡುವ ದೂರವೂ ಮೂರು ಇಂಚು. ಈ ಮೂರು ಮೂರುಗಳು ಕೂಡಿದರೆ ಕೊಯ್ಲು, ಒಂದು ತಪ್ಪಿದರೂ ಗದ್ದಲ. ಬ್ಲೇಡು ಎಡಕ್ಕೆ ಓಡಿ ನಿಂತಾಗಲೂ ಬಲಕ್ಕೆ ಓಡಿ ನಿಂತಾಗಲೂ ಪ್ರತಿಯೊಂದು ಹಲ್ಲೂ ಒಂದೊಂದು ಬೆರಳಿನ ನಟ್ಟನಡುವೆ ನಿಲ್ಲಬೇಕು. ಕಾಲಿಂಚು ಆಚೀಚೆ ಆದರೆ ಅರ್ಧ ಹುಲ್ಲು ನಿಂತೇ ಇರುತ್ತದೆ.

ಬ್ಲೇಡನ್ನು ಆಡಿಸುವ ತೋಳು ಮರದ್ದು. ಬಂದಾಗ ಅದು ಗೆದ್ದಲು ತಿಂದು ಅರ್ಧ ಉಳಿದಿತ್ತು. ಕಬ್ಬಿಣದ್ದೇ ಹಾಕೋಣ ಎಂದೆ. ಮೇಸ್ತ್ರಿ ತಲೆಯಾಡಿಸಿದರು. "ಕಬ್ಬಿಣ ಹಾಕಿದ್ರೆ ಕಲ್ಲು ಸಿಕ್ಕಾಗ ಬ್ಲೇಡ್ ಹೋಗ್ತೈತೆ ಸಾರ್. ಮರ ಇದ್ರೆ ಮರ ಹೋಗ್ತೈತೆ. ಯಾರೋ ಒಬ್ರು ಮುರೀಬೇಕಲ್ಲ?" ಕೊನೆಗೆ ಗಾಡಿ ಅಚ್ಚಿಗೆ ಹಾಕುವ ಕರಿಜಾಲಿಯಲ್ಲಿ ಬಡಗಿಯಿಂದ ಒಂದು ತೋಳು ಮಾಡಿಸಿದೆವು. ಇದುವರೆಗೆ ಎರಡು ಸಲ ಮುರಿದಿದೆ, ಎರಡೂ ಸಲ ಅದು ಮುರಿದದ್ದೇ ಒಳ್ಳೆಯದಾಯಿತು.

ಇನ್ನೊಂದು ಗುಟ್ಟು ನನಗೆ ತಡವಾಗಿ ತಿಳಿಯಿತು. ಬೆರಳುಗಳೂ ಬ್ಲೇಡೂ ಕೂತಿರುವ ಕಟರ್ ಬಾರನ್ನು ಟ್ರ್ಯಾಕ್ಟರಿಗೆ ನೆಟ್ಟಗೆ ಅಡ್ಡಡ್ಡ ಕಟ್ಟಬಾರದು. ಹೊರತುದಿ ಒಳತುದಿಗಿಂತ ತುಸು ಮುಂದಿರಬೇಕು. ಅಡಿಗೆ ಕಾಲಿಂಚಿನ ಹಾಗೆ ಐದು ಅಡಿಗೆ ಒಂದೂಕಾಲು ಇಂಚು. ನಿಂತಾಗ ಸೊಟ್ಟಗೆ ಕಾಣುತ್ತದೆ. ಹುಲ್ಲಿನೊಳಗೆ ನುಗ್ಗಿದಾಗ ಹುಲ್ಲು ಅದನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ಮಾಡುತ್ತದೆ. ಕೆಲಸ ಬಿದ್ದಾಗ ನೆಟ್ಟಗಾಗುವ, ಸುಮ್ಮನೆ ಇದ್ದಾಗ ಸೊಟ್ಟಗಿರುವ ಒಬ್ಬಿಬ್ಬರು ನೆಂಟರು ನನಗೂ ಇದ್ದಾರೆ. ಈಗ ಅವರ ಮೇಲೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ.

ಇನ್ನು ಕೊಯ್ಲು. ಬೆಳಗಿನ ಇಬ್ಬನಿ ಆರುವವರೆಗೆ ಕಾಯಬೇಕು. ಒದ್ದೆ ಹುಲ್ಲು ಬೆರಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತು ಗಂಟೆಯ ಸುಮಾರಿಗೆ ಹೊಲಕ್ಕೆ ಇಳಿದು, ಬಾರನ್ನು ನೆಲಕ್ಕೆ ಬಿಟ್ಟು, ಇಂಜಿನ್ನಿನ ಬಲವನ್ನು ಮಿಷನ್ನಿಗೆ ದಾಟಿಸುವ ಪಿಟಿಒ ಹಾಕಿದರೆ ಮೊದಲು ಒಂದು ಕಟಕಟ ಸದ್ದು. ಪಿಟಿಒ ನಿಮಿಷಕ್ಕೆ 540 ಸುತ್ತು. ಬೆಲ್ಟು ಪುಲ್ಲಿ ದಾಟಿ ಬ್ಲೇಡು ಮುಟ್ಟುವ ಹೊತ್ತಿಗೆ ಅದಕ್ಕಿಂತ ಜೋರು. ಗಾಳಿಯಲ್ಲಿ ಆಡುವಾಗ ಕಿವಿ ಕಚ್ಚುವ ಆ ಕಟಕಟ, ಹುಲ್ಲಿನೊಳಗೆ ಹೋದೊಡನೆ ಮೆತ್ತಗಾಗಿ ಸರಸರ ಆಗುತ್ತದೆ. ಗದರುತ್ತಿದ್ದವಳು ಉಣ್ಣಲು ಬಡಿಸಿದ ಹಾಗೆ. ಹಿಂತಿರುಗಿ ನೋಡಿದರೆ ಹುಲ್ಲು ಹಾರುವುದಿಲ್ಲ, ಚಿಂದಿಯಾಗುವುದಿಲ್ಲ. ನಿಂತದ್ದು ನಿಂತ ಹಾಗೇ ಒಂದು ಕ್ಷಣ ತಡೆದು, ಆಮೇಲೆ ಸೊಂಟದಿಂದ ಬಾಗಿ, ಬಾರಿನ ಹಿಂದೆ ಸಾಲಾಗಿ ಒರಗುತ್ತದೆ. ಈ ಒಂದು ಕ್ಷಣದ ತಡೆಯನ್ನು ನೋಡಲಿಕ್ಕೆಂದೇ ನಾನು ಪ್ರತಿ ವರ್ಷ ಡೀಸೆಲ್ ಸುಡುವುದು. ಮನೆಯಲ್ಲಿ ಬೇರೆ ಕಾರಣ ಹೇಳಿದ್ದೇನೆ.

ಬಾರು ಬಲಗಡೆ ಇರುವುದರಿಂದ ಕೊಯ್ಯಬೇಕಾದ ಹುಲ್ಲು ಯಾವಾಗಲೂ ಬಲಗೈ ಕಡೆ ಇರಬೇಕು, ಚಕ್ರ ಕೊಯ್ದ ಜಾಗದ ಮೇಲೆ ಓಡಬೇಕು. ಹಾಗಾಗಬೇಕಾದರೆ ಹೊಲವನ್ನು ಸುತ್ತಬೇಕಾದ್ದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಒಂದನೇ ವರ್ಷ ಇದು ಹೊಳೆಯಲಿಲ್ಲ, ಎರಡನೇ ವರ್ಷ ಸ್ಟೀರಿಂಗ್ ಹಿಡಿದು ಅರ್ಧ ಹೊಲ ಮುಗಿಸಿದಾಗ ಹೊಳೆಯಿತು: ನಾನು ಮಾಡುತ್ತಿರುವುದು ಪ್ರದಕ್ಷಿಣೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೇವಲ್ಲ, ಇಲ್ಲಿ ಹುಲ್ಲನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೇನೆ. ವ್ಯತ್ಯಾಸ ಎಂದರೆ ಪ್ರತಿ ಸುತ್ತಿಗೂ ದೇವರು ಐದಡಿ ಕಮ್ಮಿಯಾಗುತ್ತಾನೆ. ಮೊದಲನೇ ಸುತ್ತಿನಲ್ಲಿ ಬದುವಿನ ಪಕ್ಕ ಚಕ್ರಕ್ಕೆ ಸಿಕ್ಕಿ ಮಲಗಿದ ಹುಲ್ಲು ಉಳಿಯುತ್ತದೆ. ಅದನ್ನು ಕೊಯ್ಯಲು ಒಂದು ಸಲ ಎದುರು ದಿಕ್ಕಿಗೆ ಹೋಗಲೇಬೇಕು. ಆ ಒಂದು ಅಪ್ರದಕ್ಷಿಣೆ ಮಾಡುವಾಗ ಈಗಲೂ ಒಳಗೆ ಏನೋ ಒಂದು ಥರ ಆಗುತ್ತದೆ. ಬೇಗ ಮುಗಿಸಿಬಿಡುತ್ತೇನೆ.

ಲೆಕ್ಕ ಹಾಕಿ ನೋಡಿದ್ದೇನೆ: ಐದಡಿಯ ಬಾರಿನಲ್ಲಿ ಒಂದು ಎಕರೆ ಮುಗಿಸಲು ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಓಡಬೇಕು. ಮೂರು ಎಕರೆಗೆ ಎಂಟು. ಹಿಂದೂಪುರದಿಂದ ಲೇಪಾಕ್ಷಿಗೆ ಅರ್ಧ ದಾರಿ. ಆದರೆ ಲೇಪಾಕ್ಷಿಗೆ ಹೋದವರು ಬಸವಣ್ಣನನ್ನು ನೋಡಿ ಬರುತ್ತಾರೆ. ಇಪ್ಪತ್ತೇಳು ಅಡಿ ಉದ್ದ, ಹದಿನೈದು ಅಡಿ ಎತ್ತರ, ಒಂದೇ ಬಂಡೆ. ಈ ಸೀಮೆಯಲ್ಲಿ ಯಾವ ಬರಗಾಲಕ್ಕೂ ಮೈ ಇಳಿಯದ ಬಸವ ಅವನೊಬ್ಬನೇ. ನಾನು ಎಂಟು ಕಿಲೋಮೀಟರ್ ಓಡಿ ಹೊರಟ ಬದುವಿಗೇ ವಾಪಸು ಬರುತ್ತೇನೆ.

ಓಡುವಾಗ ಒಬ್ಬನೇ ಇರುವುದಿಲ್ಲ. ಎರಡನೇ ಸುತ್ತಿಗೆಲ್ಲ ಬೆಳ್ಳಕ್ಕಿಗಳು ಬಂದು ಹಿಂದೆ ಸಾಲು ಹಿಡಿಯುತ್ತವೆ, ಎದ್ದ ಮಿಡತೆಗಾಗಿ. ಕಾಜಾಣ ತಂತಿಯ ಮೇಲಿಂದ ಇಳಿದು ಸೈಲೆನ್ಸರ್ ಹೊಗೆಯೊಳಗೇ ತೂರಿ ಹಿಡಿಯುತ್ತದೆ. ಕಾಚಿ ಹುಲ್ಲಿನ ಪಟ್ಟೆ ಬಂದಾಗ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ; ಕೊಯ್ದೊಡನೆ ನಿಂಬೆ, ಶುಂಠಿ ಒಟ್ಟಿಗೆ ಜಜ್ಜಿದಂಥ ಘಮ. ಘಮ ನಮಗೆ, ಹಸುವಿಗೆ ಬೇಡ. ಬಲಿತ ಕಾಚಿ ಹುಲ್ಲನ್ನು ಅದು ಮೂಸಿ ಪಕ್ಕಕ್ಕೆ ತಳ್ಳುತ್ತದೆ. ಸುತ್ತುತ್ತ ಸುತ್ತುತ್ತ ಹುಲ್ಲು ನಡುವೆ ಒಂದು ಪಟ್ಟೆಯಾದಾಗ, ಹೊಲದ ಜೀವರಾಶಿಯೆಲ್ಲ ಅದರೊಳಗೆ ಸೇರಿಕೊಂಡಿರುತ್ತದೆ. ಇದು ಊರಿನ ಹುಡುಗರಿಗೂ ಗೊತ್ತು. ಮೊಲ ಹೊರಬೀಳುವ ಹೊತ್ತಿಗೆ ಸರಿಯಾಗಿ ದೊಣ್ಣೆ ಹಿಡಿದು ನಾಲ್ಕು ಮೂಲೆಗೂ ನಿಂತಿರುತ್ತಿದ್ದರು. ಈಗ ನಾನು ಕೊನೆಯ ಪಟ್ಟೆ ಕೊಯ್ಯುವುದಿಲ್ಲ. ಅಲ್ಲಿಗೇ ಬಾರು ಎತ್ತಿ ಮನೆಗೆ ಬರುತ್ತೇನೆ. ಒಮ್ಮೆ ಪುರ್ಲೆ ಹಕ್ಕಿಯೊಂದು ಬಾರಿಗೆ ಎರಡು ಮಾರು ಇರುವಾಗ ಕಾಲ ಬುಡದಿಂದ ಪುರ್‌ರೆಂದು ಎದ್ದಿತು. ಇಳಿದು ನೋಡಿದರೆ ಗೂಡು, ಐದು ಮೊಟ್ಟೆ. ಅದರ ಸುತ್ತ ಒಂದು ಹಾಸಿಗೆಯಷ್ಟಗಲ ಬಿಟ್ಟು ಕೊಯ್ದೆ. ಮರುದಿನ ಊರೆಲ್ಲ ಹೇಳಿಕೊಂಡಿತು, ಮಿಷನ್ ಸರಿಯಿಲ್ಲ, ನಡುವೆ ಬಿಟ್ಟುಬಿಟ್ಟು ಕೊಯ್ಯುತ್ತೆ ಅಂತ.

ಇಷ್ಟೆಲ್ಲ ನಾನು ಮನೆಯಲ್ಲಿ ವರ್ಣಿಸುತ್ತಿದ್ದರೆ ನಮ್ಮಮ್ಮ ಅಕ್ಕಿ ಆರಿಸುತ್ತ ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಕೂತ್ಕಂಡು ಕೊಯ್ಯೋರಿಗೆ ಎಲ್ಲಾ ಚೆಂದಾನೇ ಕಣಪ್ಪ."

ಅಮ್ಮನಿಗೆ ಈಗ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. ಅರವತ್ತು ಸುಗ್ಗಿ ಬಗ್ಗಿ ರಾಗಿ ಕೊಯ್ದ ಸೊಂಟ ಅದು. ಸುಗ್ಗಿಗೆ ಮೊದಲು ಕುಡುಗೋಲುಗಳನ್ನೆಲ್ಲ ಕುಲುಮೆಗೆ ಒಯ್ದು ಕಕ್ಕು ಹಾಕಿಸಿಕೊಂಡು ಬರುವುದು ನನ್ನ ಕೆಲಸವಾಗಿತ್ತು. ಬೆಳಗಿನ ಚಳಿಯಲ್ಲೇ ಮುಯ್ಯಾಳು ಹೆಂಗಸರು ಸಾಲು ಹಿಡಿದು ನಿಂತರೆ, ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಎಳೆತ, ಅರಿ ಪಕ್ಕಕ್ಕೆ. ಹಿಂದೆ ಸಿವುಡು ಕಟ್ಟುವವರು. ಸಿವುಡು ಮೆದೆಗೆ. ಮಧ್ಯಾಹ್ನ ಊಟಕ್ಕೆ ನೆಟ್ಟಗೆ ನಿಲ್ಲುವಾಗ ಎಲ್ಲರೂ ಒಮ್ಮೆ ಎರಡು ಕೈಯನ್ನೂ ಸೊಂಟದ ಹಿಂದಕ್ಕೆ ಇಟ್ಟು "ಅಯ್ಯಮ್ಮಾ" ಎನ್ನುತ್ತಿದ್ದರು. ಆ ಸದ್ದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಹಾಡು ಹೇಳುತ್ತಿದ್ದರು, ನಿಜ. ನಗುತ್ತಿದ್ದರು, ಅದೂ ನಿಜ. ಆದರೆ ಕೊಯ್ಲಿನ ಸುಖ ಎಂದು ನಾನು ಬರೆಯಲು ಕೂತಾಗಲೆಲ್ಲ ಅಮ್ಮನ ಆ ಒಂದು ಮಾತು ಪೆನ್ನಿನ ಮುಂದೆ ಬಂದು ಎಲ್ಲೆಗಲ್ಲಿನ ಹಾಗೆ ನಿಲ್ಲುತ್ತದೆ. ಅದನ್ನು ಬಳಸಿಕೊಂಡು ಹೋಗಬಹುದು, ಮೇಲೆ ಹತ್ತಿಸಲು ಬಾರದು.

ಹಾಗಾದರೆ ಆ ಹೆಂಗಸರ ಸೊಂಟ ಉಳಿಸಲು ಇಂಥ ಮಿಷನ್ ಅವತ್ತೇ ಏಕೆ ಬರಲಿಲ್ಲ? ಬಂದಿತ್ತು, ನಮ್ಮ ಹೊಲಕ್ಕೆ ಬರಲಿಲ್ಲ ಅಷ್ಟೆ. ಸೈನ್ಯದವರ ಹಾಲಿಗೆಂದು 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಫಾರ್ಮ್ ಶುರುವಾಯಿತು. ಅವು ದೇಶದ ಉದ್ದಗಲಕ್ಕೂ ಹಬ್ಬಿ ಕೊನೆಗೆ 2021ರಲ್ಲಿ ಮುಚ್ಚಿದವು. ಅಂಥ ಕಡೆ ಇಂಥ ಮಿಷನ್ನಿಗೆ ಜಾಗವಿತ್ತು; ಹೊಲ ಅಂದರೆ ಬದುವಿಲ್ಲದ ಬಯಲು, ಹುಲ್ಲು ಬಿಟ್ಟು ಇನ್ನೊಂದಿಲ್ಲ. ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು: ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಒಂದೊಂದು ಒಂದೊಂದು ಕಾಲಕ್ಕೆ ಬಲಿಯುವಂಥದ್ದು. ರಾಗಿ ಕೊಯ್ಯುವ ಕೈಗೆ ಅವರೆ ಬಳ್ಳಿಯನ್ನು ಬಿಡಬೇಕೆಂದು ಗೊತ್ತು, ಐದಡಿಯ ಬಾರಿಗೆ ಗೊತ್ತಿಲ್ಲ. ಜೊತೆಗೆ ಬದು, ಕಲ್ಲು, ಅಣ್ಣತಮ್ಮಂದಿರ ಭಾಗ. ನಮ್ಮ ಹೊಲಗಳಲ್ಲಿ ಯಂತ್ರ ತಿರುಗುವಷ್ಟರಲ್ಲಿ ದಾಯಾದಿಯ ಹೊಲ ಬಂದಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಗಸರ ಕೂಲಿ ಅಗ್ಗವಾಗಿತ್ತು. ಸೊಂಟಕ್ಕೆ ಬೆಲೆ ಕಟ್ಟುವ ಪದ್ಧತಿ ಇರಲಿಲ್ಲ.

ಈ ಹುಲ್ಲಿನ ವಿಷಯದಲ್ಲಿ ನಮ್ಮವರು ಮಾಡುವ ಒಂದು ತಪ್ಪು ಮಾತ್ರ ಯಾವ ಕೂಲಿ ಕಾರಣಕ್ಕೂ ಅಲ್ಲ, ಬರೀ ರೂಢಿ. ಹುಲ್ಲು ಪೂರ್ತಿ ಒಣಗಿ, ಬೀಜ ಉದುರಿ, ಬಣ್ಣ ಕೆಂಪಿಟ್ಟ ಮೇಲೆ ಕೊಯ್ದು ಬಣವೆ ಹಾಕುತ್ತಾರೆ. ಆ ಹೊತ್ತಿಗೆ ಅದರಲ್ಲಿ ಸತ್ವ ಇರುವುದಿಲ್ಲ. ಬಾದೆ ಹುಲ್ಲಾದರೆ ಗುಡಿಸಲ ಸೂರಿಗೆ ಸರಿ, ದನಕ್ಕಲ್ಲ. ಊಬಲು ಹುಲ್ಲಂತೂ ಮುಳ್ಳು ಕಟ್ಟಿಬಿಟ್ಟರೆ ಕುರಿಯ ಉಣ್ಣೆ ದಾಟಿ ಚರ್ಮಕ್ಕೇ ಇಳಿಯುತ್ತದೆ. ತೆನೆ ಹೊರಡುವ ಹೊತ್ತಿಗೆ, ಹಸಿರಿರುವಾಗಲೇ ಕೊಯ್ದು, ಎರಡು ದಿನ ಬಿಸಿಲಿಗೆ ತಿರುವಿ ಹಾಕಿ, ಹಸಿರು ಬಣ್ಣ ಉಳಿದಿರುವಾಗಲೇ ಒಟ್ಟಬೇಕು. ಮಳೆ ನೋಡಿಕೊಂಡು ಮಾಡಬೇಕಾದ ಕೆಲಸ. ಮೊದಲ ವರ್ಷ ನಾನು ಹೀಗೆ ಒಟ್ಟಿದ್ದನ್ನು ನೋಡಿ ನಕ್ಕವರ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ನಮ್ಮ ಬಣವೆಗೆ ಬಂತು. ವಾದ ಅಲ್ಲಿಗೆ ಮುಗಿಯಿತು.

ಕುರಿ ಕಾಯುವ ಒಬ್ಬ ಮುದುಕ ಮಾತ್ರ ಇನ್ನೂ ಒಪ್ಪಿಲ್ಲ. ಕಲ್ಯಾಣದುರ್ಗದ ಕಡೆಯಿಂದ ಮಂದೆ ಹೊಡೆದುಕೊಂಡು ಬರುವವನು. ಬದುವಿನ ಮೇಲೆ ಕಂಬಳಿ ಹಾಸಿ ಕೂತು ನನ್ನ ಪ್ರದಕ್ಷಿಣೆಯನ್ನೆಲ್ಲ ನೋಡಿ, "ಸ್ವಾಮಿ, ನನ್ನತ್ರ ಮುನ್ನೂರು ಮಿಷನ್ ಅದಾವೆ. ಡೀಸೆಲ್ ಬ್ಯಾಡ, ಗ್ರೀಸ್ ಬ್ಯಾಡ, ಮ್ಯಾಲೆ ಗೊಬ್ಬರಾನೂ ಹಾಕ್ತಾವೆ" ಎಂದ. ಉತ್ತರ ಹೊಳೆಯಲಿಲ್ಲ. ಒಂದು ರಾತ್ರಿ ಮಂದೆ ಹಾಕ್ಸು ಎಂದು ಕರೆದೆ. ಮಾರನೇ ವರ್ಷ ಆ ಜಾಗದಲ್ಲಿ ಹುಲ್ಲು ಮಂಡಿ ದಾಟಿತು, ಮಿಷನ್ ಮೂರು ಸಲ ಕಟ್ಟಿಕೊಂಡಿತು. ಅವನ ಗೆಲುವನ್ನು ನನ್ನ ಮಿಷನ್ನೇ ಸಾರಿದ ಹಾಗಾಯಿತು.

ಕಟ್ಟಿಕೊಂಡಾಗ ಏನು ಮಾಡಬೇಕು ಎಂಬುದು ಬೇರೆ ಪಾಠ. ನಮ್ಮ ಗಾಡಿ ಒಂಟಿ ಕ್ಲಚ್ಚಿನದು. ಕ್ಲಚ್ ತುಳಿದರೆ ಚಕ್ರವೂ ನಿಲ್ಲುತ್ತದೆ, ಬ್ಲೇಡೂ ನಿಲ್ಲುತ್ತದೆ. ಗೇರು ನ್ಯೂಟ್ರಲ್‌ಗೆ ತಂದು, ಬ್ಲೇಡು ಮತ್ತೆ ಆಡಿಸಿ, ತುಸು ಹಿಂದೆ ಬಂದು ಬಿಡಿಸಿಕೊಳ್ಳಬೇಕು. ಆಗದಿದ್ದರೆ ಇಳಿಯಬೇಕು. ಇಳಿಯುವಾಗ ಪಿಟಿಒ ಬಿಡಿಸಿ, ಇಂಜಿನ್ ಪೂರ್ತಿ ಆರಿಸಿ, ಕೋಲಿನಿಂದ ಹುಲ್ಲು ತೆಗೆಯಬೇಕು. ಕೈ ಹಾಕಲೇಬಾರದು, ನಾಯಿ, ಮಕ್ಕಳನ್ನು ಬದುವಿನಿಂದ ಈಚೆಗೆ ಬಿಡಬಾರದು. ಐದಡಿ ಕತ್ತರಿ ಹುಲ್ಲಿನೊಳಗೆ ಅಡಗಿಕೊಂಡು ಬರುವುದು ಅವಕ್ಕೆ ಕಾಣುವುದಿಲ್ಲ.

ಹೋದ ವರ್ಷ ನನಗೂ ಕಾಣಲಿಲ್ಲ. ಮೂಡಣ ಬದುವಿನ ಎಲ್ಲೆಗಲ್ಲು ನನ್ನ ಅಜ್ಜನ ಕಾಲದಿಂದ ಅಲ್ಲೇ ಇದೆ. ಅದರ ಮೇಲೆ ಕೂತು ನಾನೇ ಎಷ್ಟೋ ಸಲ ಸೀತಾಫಲ ತಿಂದಿದ್ದೇನೆ. ಆದರೂ ಆ ದಿನ ಹುಲ್ಲಿನ ಸರಸರಕ್ಕೆ ಮರುಳಾಗಿ, ಹಿಂದೆ ಬಾಗುವ ಸಾಲನ್ನೇ ನೋಡುತ್ತ, ನೇರ ಅದಕ್ಕೆ ಹೊಡೆದೆ. ಮರದ ತೋಳು ಸಿಡಿದು ಎರಡಾಯಿತು. ಮೇಸ್ತ್ರಿ ಹೇಳಿದ ಹಾಗೆ ಬ್ಲೇಡಿನ ಪಟ್ಟಿ ಉಳಿಯಿತು, ಹೊರತುದಿಯ ಮೂರು ಹಲ್ಲು ಹೋದವು. ಕಲ್ಲಿಗೆ ಒಂದು ಬಿಳಿ ಗೀರು ಬಿದ್ದಿದೆ, ಅಷ್ಟೆ. ಆ ಕಡೆ ಹೊಲದ ದಾಯಾದಿ ಬಂದು ಕಲ್ಲು ಅರ್ಧ ಇಂಚಾದರೂ ತನ್ನ ಕಡೆ ಸರಿದಿದೆಯೇ ಎಂದು ಬಗ್ಗಿ ನೋಡಿ ಹೋದ.

ಇಷ್ಟೆಲ್ಲ ಪಾಡು ಏಕೆ ಎಂದು ಕೇಳುವವರು ಮನೆಯಲ್ಲೇ ಇದ್ದಾರೆ. ತಿರುಮಣಿಯ ಕಡೆ ಪಾವಗಡದ ಸೋಲಾರ್ ಪಾರ್ಕ್ ಇದೆಯಲ್ಲ, ಐದು ಹಳ್ಳಿಯ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಎಂದು ರೈತರು ಕೊಟ್ಟರು. ಕಡಲೆಕಾಯಿ ಅಷ್ಟು ಕೊಟ್ಟಿರಲಿಲ್ಲ, ಅವರನ್ನು ದೂರುವಂತಿಲ್ಲ. ನನ್ನ ಹೆಂಡತಿ ಆ ಲೆಕ್ಕವನ್ನು ಮೂರರಿಂದ ಗುಣಿಸಿ ಆಗಾಗ ಹೇಳುತ್ತಿರುತ್ತಾಳೆ. "ರೀ, ಗಾಜಿನ ಹಲಗೆ ಹಾಕಿದ್ರೂ ಅದರ ಕೆಳಗೆ ಹುಲ್ಲು ಬರುತ್ತಂತೆ, ಅಲ್ಲೂ ಹೋಗಿ ಕೊಯ್ಕೊಳ್ಳಿ." ಬರುತ್ತದೆ, ನಿಜ. ಆದರೆ ಹಲಗೆಗಳ ಸಾಲಿನ ನಡುವೆ ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು. ಸುತ್ತಲಿಕ್ಕೆ ಜಾಗ ಇಲ್ಲ.

ಸದ್ಯಕ್ಕೆ ಮುರಿದ ಮೂರು ಹಲ್ಲಿನ ಜಾಗಕ್ಕೆ ಲಾರಿಯ ಕಮಾನು ಪಟ್ಟಿಯನ್ನು ಕುಲುಮೆಯಲ್ಲಿ ಬಡಿಸಿ ಹಾಕಿಸಿದ್ದೇನೆ. ಉಳಿದ ಹದಿನೇಳು ಸರಾಗವಾಗಿ ಕೊಯ್ಯುವಾಗ ಈ ಮೂರು ಜಗಿಯುತ್ತವೆ. ಹೊಲದ ಉದ್ದಕ್ಕೂ ಪ್ರತಿ ಸಾಲಿನ ಅಂಚಿಗೆ ಮುಕ್ಕಾಲು ಅಡಿ ಅಗಲದ ಒಂದು ಮೀಸೆ ಉಳಿಯುತ್ತದೆ. ಟೀ ಅಂಗಡಿಯವರಿಗೆ ಅಷ್ಟೇ ಸಾಕಲ್ಲ. ಆದ್ದರಿಂದ ಇದನ್ನು ಓದುವವರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಹಳೇ ಫಾರ್ಮಿನ ಷೆಡ್ಡಿನಲ್ಲಿ, ಗುಜರಿಯಲ್ಲಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ತ್ರಿಕೋನದ ಹಲ್ಲುಗಳಿರುವ ಉದ್ದದ ಬ್ಲೇಡು ಕಂಡರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಹಲ್ಲಿನ ಬುಡ ಮೂರು ಇಂಚು, ಎರಡು ರಿವೆಟ್ ತೂತು. ತುಕ್ಕು ಹಿಡಿದಿದ್ದರೂ ಅಡ್ಡಿಯಿಲ್ಲ. ನನಗೆ ಮೂರು ಸಾಕು.